ಜೊತೆಗೆ ಬಂದವರ ಹೆಸರು

ನಮ್ಮ ಮದ್ದೂರು ಸೀಮೆಯಲ್ಲಿ ಕೂತಲ್ಲೇ ಕೂತು ಹೆಸರು ಮಾಡಿದವರು ಇಬ್ಬರೇ. ಒಬ್ಬ, ವೈದ್ಯನಾಥಪುರದ ಗುಡಿಯೊಳಗಿನ ಈಶ್ವರ. ಇನ್ನೊಬ್ಬಳು, ನಮ್ಮ ಬೀದಿಯ ಚಿಕ್ಕಬೋರಮ್ಮ. ಈಶ್ವರನಿಗಾದರೂ ಮಧ್ಯಾಹ್ನ ಬಾಗಿಲು ಹಾಕಿ ಒಂದಿಷ್ಟು ಬಿಡುವು ಕೊಡುತ್ತಾರೆ. ಬೋರಮ್ಮನಿಗೆ ಅದೂ ಇರಲಿಲ್ಲ.

ಅವಳು ಕೂರುತ್ತಿದ್ದದ್ದು ಆಸ್ಪತ್ರೆಯಲ್ಲಿ, ಊರವರ ಮಂಚಗಳ ಪಕ್ಕದಲ್ಲಿ. ಆಸ್ಪತ್ರೆಯವರು ಯಾರನ್ನೂ ಒಂಟಿಯಾಗಿ ಸೇರಿಸಿಕೊಳ್ಳುವುದಿಲ್ಲ. ಜೊತೆಗೊಬ್ಬರು ಇರಲೇಬೇಕು: ಚೀಟಿ ಹಿಡಿದು ಮಾತ್ರೆ ತರುವುದಕ್ಕೆ, ಬಿಸಿನೀರು ಹಿಡಿಯುವುದಕ್ಕೆ, ಡ್ರಿಪ್ಪು ಮುಗಿದರೆ ನರ್ಸಮ್ಮನನ್ನು ಕೂಗುವುದಕ್ಕೆ, ಆ ನರ್ಸಮ್ಮನಿಂದ ಬೈಸಿಕೊಳ್ಳುವುದಕ್ಕೆ. ಈಗ ಯಾರ ಮನೆಯಲ್ಲಿ ಅಂಥ ಜನ ಪುಕ್ಕಟೆ ಸಿಗುತ್ತಾರೆ? ಗಂಡಸರಿಗೆ ಕಬ್ಬು, ಹೆಂಗಸರಿಗೆ ಹಸು, ಸೊಸೆಯರಿಗೆ ಮಕ್ಕಳ ಸ್ಕೂಲು. ಹಾಗಾಗಿ ನಮ್ಮೂರಲ್ಲಿ ಯಾರಿಗಾದರೂ ಕಾಯಿಲೆಯಾದರೆ ಮೊದಲು ಡಾಕ್ಟರನ್ನು ಹುಡುಕುತ್ತಿರಲಿಲ್ಲ, ಬೋರಮ್ಮನನ್ನು ಹುಡುಕುತ್ತಿದ್ದರು. “ಅವ್ಳಿಗೇನು, ಒಬ್ಳೇ ಅವ್ಳೆ. ಎಲ್ಲಿ ಕುಂತ್ರೂ ಒಂದೇ” ಎನ್ನುವುದು ಊರಿನ ಲೆಕ್ಕ.

ಮಂಡ್ಯದ ಆಸ್ಪತ್ರೆಯ ಮೊದಲನೇ ಮಹಡಿಯಲ್ಲಿ ಒಂದು ಮರದ ಬೆಂಚಿದೆ. ಬೋರಮ್ಮ ಕೂತೂ ಕೂತೂ ಅದು ಅವಳ ಅಳತೆಗೇ ತಗ್ಗಿಹೋಗಿ, ಬೇರೆಯವರು ಕೂತರೆ ಜಾರಿ ಬೀಳುತ್ತಿದ್ದರು. ಹೊಸದಾಗಿ ಸೇರಿದ ನರ್ಸುಗಳಿಗೆ ಯಾವ ಬೀರುವಿನಲ್ಲಿ ಯಾವ ಹೊದಿಕೆ ಇದೆ ಎಂದು ತೋರಿಸಿಕೊಡುತ್ತಿದ್ದವಳು ಅವಳೇ. ಅವಳದೊಂದು ವೈರ್ ಬ್ಯಾಗು. ಅದರಲ್ಲಿ ಒಂದು ಚೊಂಬು, ಒಂದು ಫ್ಲಾಸ್ಕು, ಎರಡು ಸೀರೆ, ಒಂದು ಪೊಟ್ಟಣ ಹುರಿಗಡಲೆ. ಚಾಪೆ ಮಾತ್ರ ಇರಲಿಲ್ಲ. ಜೊತೆಗಿರಲು ಬಂದ ಮಿಕ್ಕವರೆಲ್ಲ ಸಂಜೆಯಾಗುವುದಕ್ಕೂ ಮೊದಲೇ ಮಂಚದ ಕೆಳಗೆ ಚಾಪೆ ಬಿಚ್ಚಿ ಜಾಗ ಹಿಡಿದರೆ, ಬೋರಮ್ಮ ಗೋಡೆಗೆ ಬೆನ್ನು ಕೊಟ್ಟು ಕೂತುಬಿಡುತ್ತಿದ್ದಳು. ಬೆಳಗಿನವರೆಗೂ ಹಾಗೆಯೇ. ಮಲಗಿದ್ದನ್ನು ಕಂಡವರೇ ಇಲ್ಲ.

ಇದಕ್ಕೆ ನಾನೇ ಸಾಕ್ಷಿ. ಮೂರು ವರ್ಷದ ಹಿಂದೆ ನನ್ನ ಎದೆಯ ರಕ್ತನಾಳಕ್ಕೆ ಸ್ಪ್ರಿಂಗು ಹಾಕಿದಾಗ ಐದು ದಿನ ಜೊತೆಗಿದ್ದವಳು ಅವಳೇ. ನನ್ನನ್ನು ನೋಡಲು ಬಂದ ಜನ ಎಷ್ಟೆಂದರೆ ಮದ್ದೂರಿನಿಂದ ಮಂಡ್ಯಕ್ಕೆ ಬರುವ ಪ್ಯಾಸೆಂಜರ್ ರೈಲಿಗೆ ಎರಡು ಬೋಗಿ ಹೆಚ್ಚಿಗೆ ಸೇರಿಸಬೇಕಾಯಿತು. ಅವರು ತಂದ ಬಾಳೆಹಣ್ಣಿನ ಸಿಪ್ಪೆಯಲ್ಲಿ ನಡುದಾರಿಯ ಹನಕೆರೆಯ ದನವೆಲ್ಲ ಒಂದು ತಿಂಗಳು ಮೇಯ್ದವು. ಬಂದವರೆಲ್ಲ ಸಾಯಂಕಾಲಕ್ಕೆ ಹೊರಟುಹೋದ ಮೇಲೆ ಉಳಿಯುತ್ತಿದ್ದವಳು ಬೋರಮ್ಮ. ನನಗೆ ಯಾವ ಹೊತ್ತಿನಲ್ಲಿ ಎಚ್ಚರವಾದರೂ ಅವಳು ಕೂತೇ ಇರುತ್ತಿದ್ದಳು, ಒಂದು ಕೈ ಎದೆಯ ಮೇಲಿಟ್ಟುಕೊಂಡು. “ಎಂಥ ನಿಷ್ಠೆ ಕಣ್ಲಾ! ಹೆತ್ತ ತಾಯಿ ಕೂಡ ಹಂಗೆ ಕೂರಲ್ಲ” ಎಂದು ಊರಿಗೆ ಬಂದು ಜಗಲಿಯ ಮೇಲೆ ಭಾಷಣ ಮಾಡಿದೆ. ಭಾಷಣಕ್ಕೆ ಚಪ್ಪಾಳೆಯೂ ಬಿತ್ತು. ಅವಳು ಯಾಕೆ ಮಲಗುವುದಿಲ್ಲ ಎಂದು ಕೇಳಬೇಕೆಂದು ಮಾತ್ರ ನನಗೂ ಹೊಳೆಯಲಿಲ್ಲ, ಚಪ್ಪಾಳೆ ತಟ್ಟಿದವರಿಗೂ ಹೊಳೆಯಲಿಲ್ಲ.

ಬೋರಮ್ಮ ಒಂಟಿಯಾದ ಕತೆ ಸಣ್ಣದು. ಹತ್ತೊಂಬತ್ತಕ್ಕೆ ಮಳವಳ್ಳಿ ಕಡೆಗೆ ಕೊಟ್ಟರು. ಎರಡು ಸಲ ಬಸಿರು ನಿಲ್ಲಲಿಲ್ಲ. ನೀರು ಹೊತ್ತರೆ ಏದುಸಿರು, ಕಳೆ ಕೀಳಲು ಬಗ್ಗಿದರೆ ಏದುಸಿರು. “ಗೇಯಕ್ಕಾಗದ ಹೆಣ್ಣ ಕಟ್ಬುಟ್ರು” ಎಂದು ಆ ಮನೆಯವರು ನಾಲ್ಕನೇ ವರ್ಷಕ್ಕೆ ತಂದು ಬಿಟ್ಟುಹೋದರು. ಅಂದಿನಿಂದ ತಮ್ಮ ಚಿಕ್ಕಣ್ಣನ ಮನೆಗೆ ಅಂಟಿದ ಒಂದು ಕೋಣೆಯಲ್ಲಿ ಅವಳ ಬಾಳು. ಚಿಕ್ಕಣ್ಣ ಕೆಟ್ಟವನಲ್ಲ. ಅವನಿಗೆ ಅಕ್ಕ ಎಂದರೆ ಮನೆಯ ನಡುಗಂಬವಿದ್ದ ಹಾಗೆ. ಕಂಬವನ್ನು ಯಾರಾದರೂ ಹೇಗಿದ್ದೀಯ ಎಂದು ಕೇಳುತ್ತಾರೆಯೇ? ಉಸಿರಿನ ವಿಚಾರವನ್ನು ಬೋರಮ್ಮ ಆವತ್ತೇ ನುಂಗಿಕೊಂಡಳು. ಮತ್ತೆ ಯಾರ ಬಾಯಿಗೂ ಅದನ್ನು ಕೊಡಲಿಲ್ಲ.

ಹೀಗಿರುವಾಗ ಮಂಡ್ಯದ ಆ ಆಸ್ಪತ್ರೆಯಲ್ಲಿ ಹೆಂಗಸರ ಹೃದಯಕ್ಕೇ ಎಂದು ಗುರುವಾರ ಗುರುವಾರ ಬೇರೆ ವಿಭಾಗ ತೆರೆದರು. ಸುದ್ದಿ ಕೇಳಿ ನಮ್ಮ ಜಗಲಿಯಲ್ಲಿ ಬಿದ್ದುಬಿದ್ದು ನಕ್ಕೆವು. “ಹೃದಯದಲ್ಲೂ ಲೇಡೀಸ್ ಸೀಟಾ?” ಎಂದವನು ನಾನೇ. ಅಲ್ಲಿಗೆ ಬಂದ ಡಾಕ್ಟರು ಸೌಮ್ಯ ಎಂಬಾಕೆ, ಮಳವಳ್ಳಿಯ ಕಡೆಯ ರೈತರ ಮಗಳು. ನಮ್ಮ ಬೀದಿಯ ಮಲ್ಲಿಗಮ್ಮ ಎಂಬ ಮುದುಕಿಗೆ ಕಾಲು ಬಾತು ತೋರಿಸಬೇಕಾಗಿ ಬಂತು. ಜೊತೆಗೆ ಬೋರಮ್ಮ ಹೋದಳು. ಮೂರು ಗುರುವಾರ ಹೋದಳು. ಮೂರನೇ ಸಲ ಡಾಕ್ಟರಮ್ಮ ಮಲ್ಲಿಗಮ್ಮನನ್ನು ಇಸಿಜಿಗೆಂದು ಪಕ್ಕದ ಕೋಣೆಗೆ ಕಳಿಸಿ, ಬೋರಮ್ಮನಿಗೆ ಸ್ಟೂಲು ತೋರಿಸಿದರು.

“ಈಗ ನೀವು ಕೂತ್ಕೊಳ್ಳಿ.”

“ನಂಗೇನಾಗದೆ ಕಣವ್ವ? ನಾನು ಜೊತೆಗೆ ಬಂದೋಳು.”

“ಜೊತೆಗೆ ಬಂದವರನ್ನ ನಾನು ಬಿಡೋದೇ ಇಲ್ಲ. ನಮ್ಮ ಕಡೆ ಹೆಂಗಸರು ತಮಗೆ ಅಂತ ಆಸ್ಪತ್ರೆಗೆ ಎಲ್ಲಿ ಬರ್ತಾರೆ ಹೇಳಿ? ಮೂರು ವಾರದಿಂದ ನೋಡ್ತಿದೀನಿ. ಮಲ್ಲಿಗಮ್ಮ ಎಪ್ಪತ್ತರ ಮುದುಕಿ, ಮೆಟ್ಟಿಲು ಹತ್ತಿ ಬಂದುಬಿಡ್ತಾರೆ. ನೀವು ನಡುವೆ ಎರಡು ಕಡೆ ನಿಂತು ಸೆರಗು ಸರಿಮಾಡ್ಕೊತೀರಿ. ಒಂದು ಸೆರಗು ಅದೆಷ್ಟು ಸಲ ಜಾರುತ್ತೆ?”

ಬೋರಮ್ಮನ ಕೈ ಆಗಲೂ ಸೆರಗಿನ ಮೇಲೇ ಇತ್ತು.

“ರಾತ್ರಿ ಎಷ್ಟು ದಿಂಬು ಇಟ್ಕೊಂಡು ಮಲಗ್ತೀರಿ?”

“ದಿಂಬ್ಯಾಕವ್ವ, ನಾನು ಮಲಗೋಳೇ ಅಲ್ಲ. ಕುಂತೇ ನಿದ್ದೆ ಮಾಡೋದು ರೂಢಿ. ಮಲಿಕ್ಕೊಂಡ್ರೆ ಯಾರೋ ಎದೆ ಮ್ಯಾಕೆ ಒದ್ದೆ ಗೋಣಿಚೀಲ ಮಡಗ್ದಂಗಾಯ್ತದೆ.”

“ಎಷ್ಟು ವರ್ಷದಿಂದ?”

ಬೋರಮ್ಮ ಬೆರಳು ಮಡಿಸಿದಳು. “ನನ್ನ ತಮ್ಮನ ಮಗ ಯತೀಶ ಹುಟ್ಟಿದ್ ವರ್ಸದಿಂದ. ಅವನಿಗೀಗ ಇಪ್ಪತ್ತೆರಡು.”

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರಂತೆ. ಆಮೇಲೆ ಪರೀಕ್ಷೆ ಎಲ್ಲ ಮುಗಿಸಿ, ನಾಲೆಯ ಕಡೆಯವಳಿಗೆ ನಾಲೆಯ ಮಾತಿನಲ್ಲೇ ಹೇಳಿದರು. ಚಿಕ್ಕಂದಿನಲ್ಲಿ ಕೀಲುಕೀಲು ಬಾತು ಬಂದ ಜ್ವರವೊಂದು ಹೃದಯದ ಒಳಗಿನ ತೂಬನ್ನು ಕೆಡಿಸಿ ಹೋಗಿದೆ. ತೂಬು ಅಂಟಿಕೊಂಡು ಬೆರಳಷ್ಟೂ ತೆರೆಯುತ್ತಿಲ್ಲ. ಮುಂದಕ್ಕೆ ಹರಿಯಬೇಕಾದದ್ದು ಹಿಂದಕ್ಕೆ ನಿಂತು, ಶ್ವಾಸಕೋಶವೆಲ್ಲ ಜೌಗು ಗದ್ದೆಯಾಗಿದೆ. ತೊಡೆಯ ರಕ್ತನಾಳದಿಂದ ಸಣ್ಣ ಬಲೂನು ಕಳಿಸಿ, ಅಲ್ಲಿ ಊದಿಸಿ, ತೂಬು ಬಿಡಿಸಬೇಕು. “ಗಂಡಸರಿಗೆ ಎದೆ ಮೇಲೆ ಆನೆ ಕೂತ ಹಾಗಾಗುತ್ತೆ, ಊರೆಲ್ಲ ಕೂಗಿ ಹೇಳ್ತಾರೆ. ಹೆಂಗಸರಿಗೆ ಬರೋದು ಇರುವೆ ಸಾಲು. ಸದ್ದಿಲ್ಲದೆ ಬರುತ್ತೆ, ಗ್ಯಾಸ್ಟ್ರಿಕ್ಕು ಅಂತ ಸೋಡಾ ಕುಡಿದು ಮಲಗ್ತಾರೆ. ಇನ್ನೊಂದು ಮಳೆಗಾಲ ಈ ತೂಬು ತಡೆಯಲ್ಲ, ಬೋರಮ್ಮ. ಬರೋ ಬುಧವಾರ ಬಂದು ಸೇರ್ಕೊಳ್ಳಿ, ಗುರುವಾರ ಮಾಡ್ತೀನಿ. ಜೊತೆಗೆ ಒಬ್ಬರನ್ನ ಕರ್ಕೊಂಡು ಬನ್ನಿ, ಸಹಿ ಹಾಕೋಕೆ.”

ಕಾಯಿಲೆಯ ಹೆಸರು ಕೇಳಿ ಅವಳಿಗೆ ಗಾಬರಿಯಾಗಲಿಲ್ಲವಂತೆ. ಕೊನೆಯ ಮಾತಿಗೆ ಆಯಿತು.

ಮಂಗಳವಾರ ಸಂಜೆ ಚಿಕ್ಕಣ್ಣ ಹಿತ್ತಿಲಲ್ಲಿ ಮಚ್ಚು ಮಸೆಯುತ್ತಿದ್ದ. ಕಬ್ಬು ಕಡಿಯಲು ಫ್ಯಾಕ್ಟರಿಯಿಂದ ಅಪ್ಪಣೆ ಬಂದಿತ್ತು. ಬೋರಮ್ಮ ಹೋಗಿ ನಿಂತಳು.

“ನಾಳೆ ಮಂಡ್ಯದ ಆಸ್ಪತ್ರೆಗೆ ಓಯ್ತೀನಿ ಕಣಪ್ಪ. ನಾಕೈದು ದಿನ ಆಯ್ತದೆ.”

“ಯಾರ್ಗಂತೆ?” ಎಂದ ಚಿಕ್ಕಣ್ಣ, ತಲೆ ಎತ್ತದೆ.

ಬೋರಮ್ಮ ಮಚ್ಚಿನ ಬಾಯನ್ನು ನೋಡಿದಳು. “ನಮ್ಮೋಳೇ ಒಬ್ಳಿಗೆ” ಎಂದಳು.

“ಸರಿ, ಓಗ್ಬುಟ್ಟು ಬಾ. ಅಸುಗೆ ಉಲ್ಲು ಆಕ್ಬುಟ್ಟು ಓಗು.”

ಬುಧವಾರ ಅವಳು ಅದೇ ವೈರ್ ಬ್ಯಾಗು ಹಿಡಿದು ಮದ್ದೂರು ಸ್ಟೇಷನ್ನಿನಲ್ಲಿ ಗಾಡಿ ಹತ್ತಿದಳು. ಕಂಡವರು ಇಬ್ಬರು ಮೂವರು, “ಯಾರಮ್ಮಿ ಈ ಸಲ?” ಎಂದರು. ಆಸ್ಪತ್ರೆಯ ಕೌಂಟರಿನಲ್ಲಿ ಅಂಬರೀಶ ಎಂಬ ಗುಮಾಸ್ತ. ಅವಳನ್ನು ಕಂಡು ಹಲ್ಲು ಕಿಸಿದ.

“ಬಾ ಬೋರಕ್ಕ. ಎಲ್ಲಿ ಪೇಶೆಂಟು? ಆಟೋದಲ್ಲೇ ಕುಂತವ್ರಾ?”

“ನಾನೇ ಕಣಪ್ಪ ಪೇಶೆಂಟು.”

ಅಂಬರೀಶ ನಕ್ಕ. ಅವಳು ನಗಲಿಲ್ಲ. ಚೀಟಿ ನೋಡಿದ ಮೇಲೆ ಅವನೂ ನಗು ನಿಲ್ಲಿಸಿದ. ಅರ್ಜಿ ತುಂಬತೊಡಗಿದ. ಹೆಸರು, ಚಿಕ್ಕಬೋರಮ್ಮ. ವಯಸ್ಸು, ಐವತ್ತು. ಕೆಳಗೆ ಇನ್ನೊಂದು ಗೆರೆ: ಜೊತೆಗೆ ಬಂದವರ ಹೆಸರು.

“ಇಲ್ಲಿ ಯಾರ್ದು ಬರೀಲಿ?”

“ನಂದೇ ಬರಿ.”

“ಅದೆಂಗಾಯ್ತದೆ?”

“ಇದುವರ್ಗೂ ಎಲ್ಲಾರ್ದಕ್ಕೂ ನಂದೇ ತಾನೆ ಬರ್ದಿರೋದು? ಇದ್ಕೂ ಬರಿ.”

ಅವನು ಬರೆದುಬಿಟ್ಟ. ರೋಗಿ ಚಿಕ್ಕಬೋರಮ್ಮ, ಜೊತೆಗೆ ಬಂದವರು ಚಿಕ್ಕಬೋರಮ್ಮ. ಸಂಬಂಧ ಎಂಬಲ್ಲಿ ಏನು ಬರೆಯುವುದೆಂದು ತಿಳಿಯದೆ ಅಡ್ಡಗೆರೆ ಎಳೆದ. ಆಮೇಲೆ ಮೆಲ್ಲಗೆ, “ಇವತ್ತಿಗೆ ನಡೀತದೆ ಅಕ್ಕ. ನಾಳೆ ಬೆಳಿಗ್ಗೆ ಒಳಗೆ ಬುಡೋ ಮುಂಚೆ ಬೇರೆ ಯಾರಾದ್ರೂ ಸಹಿ ಹಾಕ್ಲೇಬೇಕು. ಇಲ್ದಿದ್ರೆ ಮುಂದಕ್ಕೆ ಹಾಕ್ತಾರೆ” ಎಂದ.

ಈಗ ನನ್ನ ಪಾತ್ರ ಬರುತ್ತದೆ. ಬಾರದಿದ್ದರೇ ಚೆನ್ನಾಗಿತ್ತು.

ಆ ದಿನ ಮಧ್ಯಾಹ್ನ ನಾನು ಅದೇ ಆಸ್ಪತ್ರೆಗೆ ತಿಂಗಳ ಮಾತ್ರೆ ತರಲು ಹೋಗಿದ್ದೆ. ಹೆಂಗಸರ ವಾರ್ಡಿನ ಬಾಗಿಲಲ್ಲಿ ಇಣುಕಿದರೆ ಬೋರಮ್ಮ ಮಂಚದ ಮೇಲೆ ಕೂತಿದ್ದಾಳೆ. ರೋಗಿ ಬಚ್ಚಲಿಗೆ ಹೋಗಿರಬೇಕು, ಇವಳು ಜಾಗ ಕಾಯುತ್ತಿದ್ದಾಳೆ ಎಂದುಕೊಂಡೆ. ನನ್ನ ಬಾಯಿ ಸುಮ್ಮನಿರಬೇಕಲ್ಲ.

“ಏನವ್ವ ಬೋರಮ್ಮ, ಬಡ್ತಿ ಸಿಕ್ತಾ? ಬೆಂಚಿಂದ ಮಂಚಕ್ಕೇ ಬಂದ್ಬುಟ್ಟಿದ್ದೀಯ!”

ಅವಳು ಮುಖ ಎತ್ತಿದಳು. “ಮುದ್ದಣ್ಣ, ಒಂದ್ ಮಾತು...”

“ಒಂದಲ್ಲ, ಒಂಬತ್ತು ಮಾತಾಡುವಂತೆ. ಮೊದ್ಲು ಈ ಚೀಟಿ ಹಿಡ್ಕೊ, ಔಷಧಿ ಕಿಟಕೀಲಿ ನಿನ್ ಮಾತಾದ್ರೆ ಬೇಗ ಕೊಡ್ತಾರೆ. ನಂಗೆ ಎರಡೂವರೆ ಗಾಡಿ ಓಯ್ತದೆ.”

ಅವಳು ಇಳಿದು ಹೋಗಿ, ಮೆಟ್ಟಿಲಲ್ಲಿ ಎರಡು ಕಡೆ ನಿಂತು, ನನ್ನ ಮಾತ್ರೆ ತಂದುಕೊಟ್ಟಳು. ನಾನು ಎರಡೂವರೆ ಗಾಡಿ ಹಿಡಿದೆ. ಕಿಟಕಿಯ ಪಕ್ಕ ಸೀಟು ಸಿಕ್ಕಿತೆಂದು ಖುಷಿಯಾಯಿತು. ಸಹಿ ಹಾಕಲು ಬೇಕಾಗಿದ್ದದ್ದು ಒಂದು ಕೈ. ಆ ಕೈ ಹನಕೆರೆ ದಾಟುವಾಗ ಕಡಲೆಕಾಯಿ ಸುಲಿಯುತ್ತಿತ್ತು.

ಪಕ್ಕದ ಮಂಚದಲ್ಲಿ ದೇವಿರಮ್ಮ ಎಂಬ ಹೆಂಗಸು ಇದನ್ನೆಲ್ಲ ನೋಡುತ್ತಿದ್ದಳು. ಮಳವಳ್ಳಿ ಕಡೆಯವಳು, ಮಂಡ್ಯದ ಪಕ್ಕದ ವಿ.ಸಿ. ಫಾರಂನಲ್ಲಿ ಗದ್ದೆ ಕೂಲಿ. ಗಂಡ ತೀರಿಕೊಂಡಿದ್ದ. ಅವಳಿಗೆ ಶುಕ್ರವಾರ ಆಂಜಿಯೋಗ್ರಾಂ. ಜೊತೆಗೆ ಬಂದಿದ್ದ ತಮ್ಮ ಶಿವರಾಮು ಎರಡು ದಿನ ಕಾದು, ಮೂರನೇ ದಿನ ಕೆಲಸ ಹೋದೀತೆಂದು ಹೊರಟುಹೋಗಿದ್ದ.

“ಅವ್ರು ನಿಮ್ಮೂರೋರಾ?” ಎಂದಳು ದೇವಿರಮ್ಮ.

“ಊಂ.”

“ಒಳ್ಳೆ ತಮಾಸೆ ಮನ್ಸ.”

“ಊಂ. ಭಾಳ ನಗಿಸ್ತಾನೆ” ಎಂದಳಂತೆ ಬೋರಮ್ಮ, ಗೋಡೆಯ ಕಡೆ ತಿರುಗಿ.

ಗುರುವಾರ ಬೆಳಿಗ್ಗೆ ಅಂಬರೀಶ ಕಾಗದ ಹಿಡಿದು ಬಂದಾಗ ಸಹಿ ಹಾಕುವವರು ಯಾರೂ ಇರಲಿಲ್ಲ. ಬೋರಮ್ಮ ಆಗಲೇ ಬ್ಯಾಗಿಗೆ ಚೊಂಬು ತುಂಬುತ್ತಿದ್ದಳು, ಊರಿಗೆ ಹಿಂತಿರುಗಲು. ಆಗ ದೇವಿರಮ್ಮ ಎದ್ದು ಬಂದಳು.

“ಇಲ್ಲಿ ಕೊಡಿ ಸಾರ್. ನಾನಾಕ್ತೀನಿ.”

“ನೀನೇ ಪೇಶೆಂಟು! ಪೇಶೆಂಟಿಗೆ ಪೇಶೆಂಟೇ ಜೊತೆಯಾ? ರೂಲ್ಸಲ್ಲಿ ಇಲ್ಲ.”

ಹಿಂದೆಯೇ ನಿಂತಿದ್ದ ಡಾಕ್ಟರಮ್ಮ, “ಆಗಬಾರದು ಅಂತ ರೂಲ್ಸಲ್ಲಿ ಎಲ್ಲಿದೆ, ತೋರಿಸಿ” ಎಂದರು. ಅಂಬರೀಶ ಕಾಗದವನ್ನು ಹಿಂದೆ ಮುಂದೆ ತಿರುಗಿಸಿದ. ರೋಗಿಗಳು ಹೀಗೆಲ್ಲ ಮಾಡಿಯಾರೆಂದು ರೂಲ್ಸು ಬರೆದ ಪುಣ್ಯಾತ್ಮನಿಗೆ ಕನಸೂ ಬಿದ್ದಿರಲಿಲ್ಲ.

“ಇವತ್ತು ಇವರಿಗೆ ನಾನು. ನಾಳೆ ನಂಗೆ ಇವರು” ಎಂದಳು ದೇವಿರಮ್ಮ.

“ಸಂಬಂಧ?” ಎಂದ ಅಂಬರೀಶ.

“ಅಕ್ಕ. ಬರ್ಕಳಿ.”

ಊರಿನಲ್ಲಾಗಿದ್ದರೆ ಒಬ್ಬಳ ಕೇರಿಗೆ ಇನ್ನೊಬ್ಬಳು ನೀರಿಗೂ ಹೋಗುತ್ತಿರಲಿಲ್ಲ. ಅಂಬರೀಶ ಇಬ್ಬರ ಕಾಗದವನ್ನೂ ನೋಡಿದ, ಇಬ್ಬರನ್ನೂ ನೋಡಿದ, ಬರೆದುಕೊಂಡ.

ಬಲೂನು ತನ್ನ ಕೆಲಸ ಮಾಡಿತು. ಆಮೇಲೆ ಆರು ಗಂಟೆ ಕಾಲು ಮಡಿಸದೆ, ಅಂಗಾತ ಮಲಗಿರಬೇಕೆಂದು ಹೇಳಿದರು. ಒದ್ದೆ ಗೋಣಿಚೀಲ ಈಗ ಬಂತು, ಈಗ ಬಂತು ಎಂದು ಬೋರಮ್ಮ ಹೆದರಿ ಕಾದಳು. ಬರಲಿಲ್ಲ. ಇಪ್ಪತ್ತೆರಡು ವರ್ಷದ ಮೇಲೆ ಬೆನ್ನು ಚಾಚಿ ಮಲಗಿ, ಮೇಲೆ ತಿರುಗುವ ಫ್ಯಾನು ನೋಡಿದಳು. ಆ ವಾರ್ಡಿನಲ್ಲಿ ನೂರಾರು ರಾತ್ರಿ ಕಳೆದವಳಿಗೆ ಅಲ್ಲೊಂದು ಫ್ಯಾನಿದೆಯೆಂಬುದೇ ಗೊತ್ತಿರಲಿಲ್ಲ. ಸ್ಟೂಲಿನ ಮೇಲೆ ದೇವಿರಮ್ಮ ಕೂತಿದ್ದಳು. ಬೋರಮ್ಮ ಕೈಯೂರಿ ಏಳಲು ಹೋದರೆ, “ಸುಮ್ನೆ ಮಲಿಕ್ಕೊ ಅಕ್ಕ, ನಾನಿಲ್ವಾ?” ಎಂದಳು. ಪಕ್ಕದಲ್ಲಿ ಒಬ್ಬರು ಕೂತಿದ್ದರೆ ಹೀಗಿರುತ್ತದೆ ಎಂದು ಬೋರಮ್ಮನಿಗೆ ಅಲ್ಲಿಯವರೆಗೆ ತಿಳಿದಿರಲಿಲ್ಲವಂತೆ. ಮರುದಿನ ದೇವಿರಮ್ಮನ ಕಾಗದಕ್ಕೆ ಸಹಿ ಹಾಕಿ, ಆ ಸ್ಟೂಲಿನ ಮೇಲೆ ಅವಳು ಕೂತಳು.

ಊರಿಗೆ ಬಂದಾಗ, “ಉಸಾರಾದ್ಲಾ ನಿಮ್ಮೋಳು?” ಎಂದು ಚಿಕ್ಕಣ್ಣ ಕೇಳಿದ. “ಊಂ, ಆದ್ಲು” ಎಂದು ಅವಳು ಹುಲ್ಲು ಕೊಯ್ಯಲು ಹೋದಳು. ಅಲ್ಲಿಗೆ ಮುಗಿಯಿತು.

ಮುಗಿಯಲಿಲ್ಲ. ತಿಂಗಳೊಪ್ಪತ್ತಿನ ಮೇಲೆ ಊರಿನ ಕೆಂಪಸಿದ್ದಯ್ಯನಿಗೆ ಜಾಂಡೀಸಾಗಿ, ಎಂದಿನಂತೆ ಬೋರಮ್ಮನೇ ಜೊತೆಗೆ ಹೋದಳು. ಈ ಸಲ ಬ್ಯಾಗಿನ ಪಕ್ಕ ಒಂದು ಹೊಸ ಚಾಪೆ. ಮಂಚದ ಕೆಳಗೆ ಹಾಸಿ ಮಲಗಿದವಳು, ಇಪ್ಪತ್ತೆರಡು ವರ್ಷದ ಬಾಕಿ ನಿದ್ದೆಯನ್ನೆಲ್ಲ ಒಂದೇ ಏಟಿಗೆ ತೀರಿಸಲು ಹೊರಟವಳ ಹಾಗೆ ನಿದ್ದೆ ಹೋದಳು. ಅವಳ ಗೊರಕೆಗೆ ಮೇಲಿನ ಮಹಡಿಯ ಬಾಣಂತಿಯರು ಸಿಡಿಲೆಂದು ಮಕ್ಕಳ ಕಿವಿ ಮುಚ್ಚಿದರಂತೆ. ಡ್ರಿಪ್ಪು ಮುಗಿದದ್ದು ಗೊತ್ತಾಗಲಿಲ್ಲ. ನರ್ಸಮ್ಮ ಬಂದು ಬೈದಳು.

ಕೆಂಪಸಿದ್ದಯ್ಯ ಗುಣವಾಗಿ ಬಂದು ಜಗಲಿಯಲ್ಲಿ ಹೇಳಿದ: “ಬೋರಮ್ಮ ಮೊದ್ಲಿನಂಗಿಲ್ಲ ಕಣ್ರಲಾ. ಮಲಿಕ್ಕೊಂಬುಡ್ತಾಳೆ.”

“ನಿಷ್ಠೆ ಓಯ್ತು” ಎಂದೆ ನಾನು. ಎಲ್ಲರೂ ತಲೆಯಾಡಿಸಿದರು. ಆಮೇಲೆ ಅವಳನ್ನು ಕರೆಯುವುದು ಕಡಿಮೆಯಾಯಿತು. ಜನ ಬೇರೆಯವರನ್ನು ಹುಡುಕಿಕೊಂಡರು. ಸಂಜೆ ಹೊತ್ತು ಅವಳ ಕೋಣೆಯ ಬಾಗಿಲಲ್ಲಿ ವೈರ್ ಬ್ಯಾಗು ಮೊಳೆಗೆ ತೂಗಾಡುತ್ತಿರುವುದು ಕಾಣುತ್ತಿತ್ತು. ಒಳಗೆ ಚಾಪೆಯ ಮೇಲೆ ಅಂಗಾತ ಮಲಗಿ ಅವಳು ಸೂರು ನೋಡುತ್ತಿದ್ದಳು. ಉಸಿರು ಬಂದಿತ್ತು. ಕರೆಯುವವರು ಹೋಗಿದ್ದರು.

ಹೀಗೇ ಒಂದು ಭಾನುವಾರ ದೇವಿರಮ್ಮ ನಮ್ಮೂರ ಬಸ್‌ಸ್ಟಾಪಿನಲ್ಲಿ ಇಳಿದು, “ನಮ್ಮಕ್ಕ ಚಿಕ್ಕಬೋರಮ್ಮನ ಮನೆ ಯಾವುದು?” ಎಂದು ಕೇಳಿಕೊಂಡು ಬಂದಳು. ಜಗಲಿಗೆ ಜಗಲಿಯೇ ಅವಳನ್ನು ನೋಡಿತು. ಬೋರಮ್ಮನಿಗೆ ತಂಗಿ ಎಲ್ಲಿಂದ ಬಂದಳು? ಬೋರಮ್ಮ ಅಂಗಡಿಗೆ ಹೋಗಿದ್ದಳು. ಅವಳು ಬರುವಷ್ಟರಲ್ಲಿ ದೇವಿರಮ್ಮ ಕೂತು, ಎಲ್ಲವನ್ನೂ ಹೇಳಿದ್ದಳು. ಮಾತ್ರೆ ತರಿಸಿಕೊಂಡ ತಮಾಷೆ ಮನುಷ್ಯನ ವಿಚಾರವನ್ನೂ ಹೇಳಿದಳು, ಆ ಮನುಷ್ಯ ಎದುರಿಗೇ ಇರುವುದನ್ನು ಗುರುತಿಸದೆ. ಹುಟ್ಟಿದಾಗಿನಿಂದ ನನ್ನ ಬಾಯಿಗೆ ಅದೇ ಮೊದಲ ರಜೆ.

ಅವಳು ಬಂದದ್ದು ಇಷ್ಟಕ್ಕೆ: ಬರುವ ಗುರುವಾರ ಬೋರಮ್ಮನಿಗೆ ಮಂಪರು ಬರಿಸಿ ಮಾಡುವ ಒಂದು ಪರೀಕ್ಷೆ ಇತ್ತು, ತೂಬು ತೆರೆದೇ ಇದೆಯೇ ಎಂದು ನೋಡಲು. ಕೈಹಿಡಿದು ಕರೆತರಲು ಒಬ್ಬರು ಬೇಕೇ ಬೇಕು. ಫಾರಂನಲ್ಲಿ ನಾಟಿ ಇದ್ದದ್ದರಿಂದ ದೇವಿರಮ್ಮನಿಗೆ ಆ ದಿನ ಬರಲಾಗುವುದಿಲ್ಲ; ಊರವರು ಯಾರಾದರೂ ಹೋಗಬೇಕು.

ಚಿಕ್ಕಣ್ಣ ಅಕ್ಕನ ಬಾಗಿಲಿಗೆ ಹೋಗಿ ನಿಂತ. “ಯಾಕಕ್ಕ ಯೋಳ್ನಿಲ್ಲ?”

“ಯೋಳಿದ್ನಲ್ಲಪ್ಪ, ನಮ್ಮೋಳೇ ಒಬ್ಳಿಗೆ ಅಂತ. ಯಾವೋಳು ಅಂತ ನೀನು ಕೇಳ್ನಿಲ್ಲ.”

ಅವನು ಬಾಗಿಲ ಚೌಕಟ್ಟನ್ನು ಸವರಿದ. ಆಮೇಲೆ, “ಗುರುವಾರವೇ ಆಗ್ಬೇಕಾ? ಲಾರಿ ಬತ್ತದೆ ಅವತ್ತು” ಎಂದ. “ನಿನ್ ಲಾರಿ ನೋಡ್ಕೊ ಓಗಪ್ಪ” ಎಂದಳು ಬೋರಮ್ಮ, ಕೋಪವಿಲ್ಲದೆ.

ಗುರುವಾರ ಮದ್ದೂರು ಸ್ಟೇಷನ್ನಿನಲ್ಲಿ ನಾನು ಒಂದು ಬ್ಯಾಗು ಹಿಡಿದು ನಿಂತಿದ್ದೆ. ಅವಳು ನನ್ನನ್ನು ಮೇಲಿಂದ ಕೆಳಕ್ಕೆ ನೋಡಿದಳು.

“ಮಾತ್ರೆ ಮುಗುದ್ವಾ ಮುದ್ದಣ್ಣ?”

“ಇಲ್ಲ. ನಿನ್ ಜೊತೆಗೆ ಬತ್ತೀನಿ.”

“ನೀನಾ? ನಿನ್ನ ನೋಡ್ಕೊಳ್ಳಕ್ಕೆ ಇನ್ನೊಬ್ರು ಬೇಕಲ್ಲಣ್ಣ!”

ಗಾಡಿ ಬಂತು. ಹನಕೆರೆ ದಾಟುವಾಗ ಈ ಸಲ ನಾನು ಕಡಲೆಕಾಯಿ ಕೊಳ್ಳಲಿಲ್ಲ. ಕೌಂಟರಿನಲ್ಲಿ ಅಂಬರೀಶ ಅರ್ಜಿ ತೆಗೆದು, “ಜೊತೆಗೆ ಬಂದವರ ಹೆಸರು?” ಎಂದ.

“ಮುದ್ದಣ್ಣ ಅಂತ ಬರಿ. ಪೆನ್ಸಿಲ್ನಲ್ಲಿ ಬರಿಯಪ್ಪ, ಎರಡೂವರೆ ಗಾಡಿ ಅದೆ ಇವ್ನಿಗೆ” ಎಂದಳು ಬೋರಮ್ಮ.

ಪೆನ್ಸಿಲ್ ಇರಲಿಲ್ಲ. ಅವನು ಪೆನ್ನಿನಲ್ಲೇ ಬರೆದ. ಅವಳನ್ನು ಒಳಗೆ ಕರೆದುಕೊಂಡು ಹೋದರು. ನಾನು ಮೊದಲನೇ ಮಹಡಿಯ ಆ ಬೆಂಚಿನ ಮೇಲೆ ಕೂತೆ. ಅದು ತಗ್ಗಿರಲಿಲ್ಲ, ಜಾರಲೂ ಇಲ್ಲ. ಬರೀ ಗಟ್ಟಿ ಮರ. ಒರಗಲು ಗೋಡೆಯೊಂದೇ. ಯಾರೂ ನನ್ನನ್ನು ಮಾತಾಡಿಸಲಿಲ್ಲ. ಎರಡೂವರೆ ಗಾಡಿ ಕೂಗಿದ್ದು ಕೇಳಿಸಿತು. ನಾನು ಕೂತೇ ಇದ್ದೆ.